ಇಬ್ಬರೇ, ಒಂದೇ ದಿನ, ಕೊಡಗಿನ ಬೆಟ್ಟ: ಪದೇ ಪದೇ ಕೇಳುವ ಪ್ರಶ್ನೆಗಳು

ಗೆಳೆಯನ ಜೊತೆ ಬೆನ್ನಿಗೆ ಚೀಲ ಹಾಕಿಕೊಂಡು, ಬೆಳಕು ಹರಿದ ಮೇಲೆ ಹೊರಟು, ಕತ್ತಲಾಗುವುದರೊಳಗೆ ಇಳಿದುಬಿಡುವ ದೂರದ ನಡಿಗೆ. ಇದರ ಬಗ್ಗೆ ಪರಿಚಿತರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಇಪ್ಪತ್ತು ಜನರ ಗುಂಪಿಗೆ ಹೇಳುವ ಸಲಹೆ ಇಬ್ಬರಿಗೆ ಹೊಂದುವುದಿಲ್ಲ. ಗುಂಪಿನಲ್ಲಿ ಒಬ್ಬ ಸುಸ್ತಾದರೆ ಹತ್ತೊಂಬತ್ತು ಜನ ಉಳಿದಿರುತ್ತಾರೆ, ಇಲ್ಲಿ ಅರ್ಧ ಪಡೆಯೇ ಕೂತುಬಿಡುತ್ತದೆ. ಈ ಉತ್ತರಗಳೆಲ್ಲ ಇಬ್ಬರಿಗಾಗಿ.

ಒಂದು ದಿನಕ್ಕೆ ಯಾವ ಬೆಟ್ಟ ಆರಿಸಿಕೊಳ್ಳಲಿ?

ಮೊದಲ ಸಲವಾದರೆ ತಡಿಯಂಡಮೋಳ್. ಕೊಡಗಿನ ಅತಿ ಎತ್ತರದ ಶಿಖರ, 1,748 ಮೀಟರ್. ಕಕ್ಕಬ್ಬೆ ದಾಟಿ ಕೈಕಂಬದಲ್ಲಿ ಬಸ್ಸಿಳಿದರೆ ನಾಲ್ಕುನಾಡು ಅರಮನೆಗೆ ರಸ್ತೆ ಇದೆ. ಅರಮನೆಯಿಂದ ತುದಿಗೆ ಆರೇಳು ಕಿಲೋಮೀಟರ್. ಮೊದಲು ಕಾಫಿ ತೋಟ ಮತ್ತು ಹೋಂಸ್ಟೇಗಳ ನಡುವಿನ ರಸ್ತೆ, ಆಮೇಲೆ ಕಾಡಿನೊಳಗಿನ ಜೀಪ್ ದಾರಿ, ಆಮೇಲೆ ಹುಲ್ಲುಗಾವಲು, ಕೊನೆಯಲ್ಲಿ ಶೋಲಾ ಕಾಡಿನ (ಹುಲ್ಲುಗಾವಲಿನ ನಡುವೆ ಬೆಳೆಯುವ ದಟ್ಟ ಕಾಡು) ಕಡಿದಾದ ಏರು. ಬಸ್ಸಿನಿಂದ ಬಸ್ಸಿಗೆ ಲೆಕ್ಕ ಹಾಕಿದರೆ ಹದಿನೈದು ಕಿಲೋಮೀಟರ್ ಮೀರುತ್ತದೆ. ದಾರಿ ತಪ್ಪುವ ಸಾಧ್ಯತೆ ಕಡಿಮೆ. ನಡಿಗೆಯ ಅಭ್ಯಾಸವಿದ್ದವರಿಗೆ ಸಾಕಾಗಲಿಲ್ಲ ಎನಿಸಲೂಬಹುದು.

ಬ್ರಹ್ಮಗಿರಿ ಇನ್ನೊಂದು ತೂಕದ್ದು. ಶ್ರೀಮಂಗಲದ ಹತ್ತಿರ ಇರ್ಪು ಜಲಪಾತದ ಬಳಿ ಶುರು. ಲಕ್ಷ್ಮಣತೀರ್ಥ ಹುಟ್ಟುವ ಬೆಟ್ಟ ಅದು. ನಡುವೆ ನರಿಮಲೆಯಲ್ಲಿ ಅರಣ್ಯ ಇಲಾಖೆಯ ವಸತಿ, ಅದರ ಮೇಲೆ 1,608 ಮೀಟರಿನ ತುದಿ. ಬೆನ್ನೇಣಿನ, ಅಂದರೆ ಬೆಟ್ಟದ ನೆತ್ತಿಯ ಉದ್ದನೆಯ ಏಣಿನ, ಆ ಬದಿ ಕೇರಳದ ವಯನಾಡು. ಒಂದು ಬದಿಗೆ ಒಂಬತ್ತು ಕಿಲೋಮೀಟರ್ ಹತ್ತಿರ ಇಟ್ಟುಕೊಳ್ಳಿ. ಆನೆಗಳ ಓಡಾಟವಿರುವ ವನ್ಯಜೀವಿಧಾಮ. ಇಲಾಖೆಯ ಮಾರ್ಗದರ್ಶಕರಿಲ್ಲದೆ ಹೋಗುವ ಮಾತೇ ಇಲ್ಲ.

ಇಬ್ಬರಿಗೂ ಕಾಲು ಪಳಗಿದ್ದರೆ ಪುಷ್ಪಗಿರಿ. ಕುಮಾರಪರ್ವತ ಎಂದು ಹೆಚ್ಚು ಜನ ಕರೆಯುವುದು ಇದನ್ನೇ, 1,712 ಮೀಟರ್. ಸೋಮವಾರಪೇಟೆ ಕಡೆಯ ಹೆಗ್ಗಡೆಮನೆಯಿಂದ ಹತ್ತಿ ಅದೇ ದಾರಿಯಲ್ಲಿ ಇಳಿಯಬಹುದು. ಅಥವಾ ಶೇಷಪರ್ವತ, ಕಲ್ಲುಮಂಟಪ, ಗಿರಿಗದ್ದೆ ದಾಟಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿಯಬಹುದು. ಎರಡನೆಯದು ಇಪ್ಪತ್ತು ಕಿಲೋಮೀಟರಿನ ದಿನ. ನನ್ನನ್ನು ಕೇಳಿದರೆ ಕೊಡಗಿನಲ್ಲಿ ದೂರದ ನಡಿಗೆ ಎಂದು ಕರೆಯಬಹುದಾದದ್ದು ಅದೇ.

ತಲಕಾವೇರಿಯಲ್ಲೂ ಬ್ರಹ್ಮಗಿರಿ ಇದೆಯಲ್ಲ?

ಅದು ಬೇರೆ. ತಲಕಾವೇರಿ ದೇವಸ್ಥಾನದ ಮೇಲಿನ ಬೆಟ್ಟಕ್ಕೂ ಬ್ರಹ್ಮಗಿರಿ ಎಂದೇ ಹೆಸರು; 2020ರ ಆಗಸ್ಟ್‌ನಲ್ಲಿ ಕುಸಿದದ್ದು ಆ ಬೆಟ್ಟದ ಪಾರ್ಶ್ವ. ಚಾರಣದ ಬ್ರಹ್ಮಗಿರಿ ದಕ್ಷಿಣ ಕೊಡಗಿನ ತುದಿಯಲ್ಲಿದೆ. ಮ್ಯಾಪಿನಲ್ಲಿ ಹೆಸರು ಹಾಕಿ ಕಾರು ಓಡಿಸುವ ಮೊದಲು ಪಕ್ಕದಲ್ಲಿ ಇರ್ಪು ಎಂದಿದೆಯೋ, ಭಾಗಮಂಡಲ ಎಂದಿದೆಯೋ ನೋಡಿ.

ಅನುಮತಿ ಬೇಕೇ? ಗೇಟಿನಲ್ಲಿ ಟಿಕೆಟ್ ಸಿಗುವುದಿಲ್ಲವೇ?

ಬೇಕು. 2024ರ ಜನವರಿ ಕೊನೆಯ ವಾರಾಂತ್ಯದಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಚಿತ್ರಗಳು ಹರಿದಾಡಿದ ಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ತಡೆ ಹಾಕಿತು. ಆ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಆನ್‌ಲೈನ್ ವ್ಯವಸ್ಥೆ ಬಂತು. ಈಗ ಅಲ್ಲಿ ಮುಂಗಡ ಬುಕಿಂಗ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಬುಕಿಂಗ್‌ನಲ್ಲಿ ಕೊಟ್ಟ ಗುರುತಿನ ಚೀಟಿಯನ್ನೇ ಗೇಟಿಗೆ ತನ್ನಿ. ಶನಿವಾರ, ಭಾನುವಾರದ ಟಿಕೆಟ್ ಬೇಗ ಮುಗಿಯುತ್ತದೆ. ಇಬ್ಬರೇ ಇರುವುದರ ಲಾಭ ಇಲ್ಲಿದೆ: ಇಬ್ಬರಿಗೆ ಬುಧವಾರ ರಜೆ ಹೊಂದಿಸುವುದು ಹನ್ನೆರಡು ಜನರಿಗೆ ಹೊಂದಿಸಿದಷ್ಟು ಕಷ್ಟವಲ್ಲ.

ಪುಷ್ಪಗಿರಿಯನ್ನು ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವ ಯೋಚನೆಯಿದ್ದರೆ ಹಣ ಕಟ್ಟುವ ಮೊದಲೇ ಇಲಾಖೆಯವರನ್ನು ಕೇಳಿ. ಆ ಋತುವಿನಲ್ಲಿ ದಾಟಲು ಬಿಡುತ್ತಾರೋ ಇಲ್ಲವೋ ಎಂಬುದು ಬೆಟ್ಟದ ತುದಿಯಲ್ಲಿ ತಿಳಿದುಕೊಳ್ಳುವ ವಿಷಯವಲ್ಲ.

ಮೇಲೆ ಟೆಂಟ್ ಹಾಕಬಹುದೇ?

ತಡಿಯಂಡಮೋಳ್ ಮತ್ತು ಪುಷ್ಪಗಿರಿಯ ತುದಿಯಲ್ಲಿ ಇಲ್ಲ. ಒಲೆ ಹೊತ್ತಿಸುವುದೂ ಇಲ್ಲ. ಫೆಬ್ರವರಿಯಿಂದ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು. ರಾತ್ರಿ ತಂಗಲು ಬಿಡದ ಕಾರಣಕ್ಕೇ ಇಲ್ಲಿನ ಉದ್ದದ ನಡಿಗೆಗಳೆಲ್ಲ ಒಂದೇ ದಿನದೊಳಗೆ ಮುಗಿಯಬೇಕು, ಮತ್ತು ಅದೇ ಕಾರಣಕ್ಕೆ ಮುಂದಿನ ಪ್ರಶ್ನೆ ಮುಖ್ಯ.

ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕುವುದು ಹೇಗೆ?

ಸ್ಕಾಟ್‌ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕವನ್ನು ಜಗತ್ತಿನ ಬೆಟ್ಟದವರು ಇಂದಿಗೂ ಬಳಸುತ್ತಾರೆ. ಇಂದಿನ ಅಳತೆಯಲ್ಲಿ ಹೇಳುವುದಾದರೆ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 7 ಕಿಲೋಮೀಟರ್ ದೂರ, 600 ಮೀಟರ್ ಏರು ಇದ್ದರೆ 2 ಗಂಟೆ 24 ನಿಮಿಷ. ಗಟ್ಟಿ ಕಾಲಿನ, ಹಗುರ ಚೀಲದ, ಫೋಟೊ ತೆಗೆಯದ ಮನುಷ್ಯನ ಲೆಕ್ಕ ಅದು. ಚೀಲ, ಸೆಕೆ, ಜಿಗಣೆ ಕೀಳಲು ನಿಲ್ಲುವುದು, ತೋಟದ ಅಂಚಿನಲ್ಲಿ ಯಾರೋ ಸಿಕ್ಕು ‘ಎಲ್ಲಿಂದ ಬಂದ್ರಿ’ ಎನ್ನುವುದು ಎಲ್ಲ ಸೇರಿ ನಮ್ಮಂಥವರು ಅದಕ್ಕೆ ಅರ್ಧ ಸೇರಿಸಬೇಕು: ಮೂರೂವರೆ ಗಂಟೆ. ಇಳಿಯಲು ಎರಡೂವರೆ. ಮೇಲೆ ಒಂದು ಗಂಟೆ.

ಇಷ್ಟಾದ ಮೇಲೆ ಗಡಿಯಾರವನ್ನು ಹಿಂದಿನಿಂದ ಓದಿ. ಡಿಸೆಂಬರಿನಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಶೋಲಾ ಕಾಡಿನೊಳಗೆ ಅದಕ್ಕೂ ಅರ್ಧ ಗಂಟೆ ಮೊದಲೇ ಕತ್ತಲು. ತೋಟದ ದಾರಿಗೆ ಆನೆಗಳು ಇಳಿಯುವ ಹೊತ್ತೂ ಅದೇ. ಆದ್ದರಿಂದ ನಾಲ್ಕೂವರೆಗೆ ಗೇಟಿನ ಹೊರಗಿರಬೇಕು ಎಂದಿಟ್ಟುಕೊಳ್ಳಿ. ಎರಡೂವರೆ ಗಂಟೆ ಕಳೆದರೆ ಮಧ್ಯಾಹ್ನ ಎರಡು. ಅದಕ್ಕೆ ಒಂದು ಗಂಟೆ ಆಪತ್ತಿಗೆಂದು ಬಿಟ್ಟರೆ ಒಂದು. ಒಂದು ಗಂಟೆಗೆ ಎಲ್ಲಿದ್ದರೂ ತಿರುಗಬೇಕು. ತುದಿ ಕಾಣುತ್ತಿದ್ದರೂ, ‘ಇನ್ನು ಹದಿನೈದೇ ನಿಮಿಷ’ ಎಂದು ಇಳಿದು ಬರುವವರು ಹೇಳಿದರೂ. ಇಳಿದು ಬರುವವರು ಹೇಳುವ ಹದಿನೈದು ನಿಮಿಷ ಅವರು ಇಳಿದ ಹದಿನೈದು ನಿಮಿಷ.

ಈ ಗಂಟೆಯನ್ನು ಬೆಟ್ಟದ ಬುಡದಲ್ಲೇ ಇಬ್ಬರೂ ಒಪ್ಪಿಕೊಂಡು, ಜೋರಾಗಿ ಹೇಳಿಕೊಂಡು ಹೊರಡಿ. ಮೇಲೆ ಚರ್ಚೆಗೆ ಕೂತರೆ ಹುಮ್ಮಸ್ಸಿದ್ದವನೇ ಗೆಲ್ಲುತ್ತಾನೆ, ದಣಿದವನು ಸಂಕೋಚಕ್ಕೆ ಸುಮ್ಮನಾಗುತ್ತಾನೆ.

ನನ್ನ ಗೆಳೆಯ ಬಹಳ ವೇಗ. ಹಿಂದೆ ಬಿದ್ದು ಬಿದ್ದು ನನಗೆ ಬೇಜಾರಾಗುತ್ತದೆ. ಏನು ಮಾಡಲಿ?

ಎಲ್ಲ ಜೋಡಿಗಳದ್ದೂ ಇದೇ ಕತೆ. ಹೇಗೆ ನಡೆಯುತ್ತದೆ ನೋಡಿ: ವೇಗದವನು ತಿರುವಿನಲ್ಲಿ ಕಲ್ಲಿನ ಮೇಲೆ ಕೂತು ಕಾಯುತ್ತಾನೆ. ನೀರು ಕುಡಿಯುತ್ತಾನೆ, ಬೆವರು ಆರಿಸಿಕೊಳ್ಳುತ್ತಾನೆ. ಹಿಂದಿನವನು ಏದುಸಿರಿನಲ್ಲಿ ಬಂದು ಮುಟ್ಟಿದ ಕೂಡಲೇ ‘ಬಂದ್ಯಾ? ಹೊರಡೋಣ’ ಎಂದು ಎದ್ದುಬಿಡುತ್ತಾನೆ. ಅಂದರೆ ವಿಶ್ರಾಂತಿ ಬೇಕಿಲ್ಲದವನಿಗೆ ದಿನವಿಡೀ ವಿಶ್ರಾಂತಿ, ಬೇಕಿದ್ದವನಿಗೆ ಒಂದು ನಿಮಿಷವೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಬಳಲಿರುತ್ತಾನೆ, ಇನ್ನೊಬ್ಬ ಕಾದು ಕಾದು ರೇಗಿರುತ್ತಾನೆ.

ಮದ್ದು ಸರಳ, ಆದರೆ ವೇಗದವನ ಅಭಿಮಾನಕ್ಕೆ ತುಸು ಕಹಿ. ನಿಧಾನದವನು ಮುಂದೆ ನಡೆಯಬೇಕು. ನಡಿಗೆಯ ಗತಿ ಅವನದ್ದು. ಹಿಂದಿನವನು ಅವನ ಹಿಮ್ಮಡಿ ತುಳಿಯದಷ್ಟು ದೂರದಲ್ಲಿ, ಮಾತು ಕೇಳಿಸುವಷ್ಟು ಹತ್ತಿರದಲ್ಲಿ ಬರಬೇಕು. ಏರಿನಲ್ಲಿ ಮಾತಾಡುತ್ತಾ ನಡೆಯಲು ಆಗುತ್ತಿದ್ದರೆ ಗತಿ ಸರಿಯಿದೆ. ವಾಕ್ಯದ ನಡುವೆ ಉಸಿರು ಎಳೆಯಬೇಕಾಗಿ ಬಂದರೆ ಜಾಸ್ತಿಯಾಗಿದೆ. ಗಂಟೆಗೊಮ್ಮೆ ಐದು ನಿಮಿಷ, ಇಬ್ಬರೂ ಒಟ್ಟಿಗೆ, ಗಡಿಯಾರ ನೋಡಿಯೇ ಕೂರಬೇಕು. ಇನ್ನೂ ವ್ಯತ್ಯಾಸ ಉಳಿದರೆ ತೂಕ ಬದಲಾಯಿಸಿ: ನಿಧಾನದವನ ಚೀಲದಿಂದ ಎರಡು ಲೀಟರ್ ನೀರು ಎತ್ತಿ ವೇಗದವನ ಚೀಲಕ್ಕೆ ಹಾಕಿದರೆ ಎರಡು ಕಿಲೋ ಅತ್ತ ಹೋಯಿತು. ಗತಿ ತಾನಾಗಿ ಹತ್ತಿರ ಬರುತ್ತದೆ. ನನ್ನ ಗೆಳೆಯ ಇದಕ್ಕೆ ಪ್ರತಿ ಸಲವೂ ಗೊಣಗುತ್ತಾನೆ, ಹೊರುತ್ತಾನೆ.

ಕಣ್ಣಿಗೆ ಕಾಣದಷ್ಟು ದೂರ ಯಾವತ್ತೂ ಬೇರೆಯಾಗಬೇಡಿ. ದಾರಿ ಕವಲೊಡೆದಲ್ಲಿ ಮುಂದಿನವನು ನಿಲ್ಲಲೇಬೇಕು. ಹುಲ್ಲುಗಾವಲಿನಲ್ಲಿ ದನ, ಕಾಡೆಮ್ಮೆ ತುಳಿದ ಜಾಡುಗಳೂ ಕಾಲುದಾರಿಯಂತೆಯೇ ಕಾಣುತ್ತವೆ.

ಇಬ್ಬರೇ ಇದ್ದೇವೆ, ಗೈಡ್ ಯಾಕೆ? ದಾರಿ ಮೊಬೈಲಿನಲ್ಲಿದೆ.

ದಾರಿ ತೋರಿಸಲು ಅಲ್ಲ, ಮೂರನೆಯವರಾಗಲು. ಕಾಲು ಉಳುಕಿದ ಗೆಳೆಯನ ಪಕ್ಕ ನೀವು ಕೂತಿದ್ದೀರಿ, ಸಿಗ್ನಲ್ ಇಲ್ಲ ಎಂದುಕೊಳ್ಳಿ. ಅವನನ್ನು ಬಿಟ್ಟು ಸಹಾಯಕ್ಕೆ ಹೋಗುವುದೋ, ಜೊತೆಗೇ ಕೂತು ಯಾರಾದರೂ ಬರಲೆಂದು ಕಾಯುವುದೋ? ಎರಡೂ ಕೆಟ್ಟ ಆಯ್ಕೆ. ಮೂರು ಜನ ಇದ್ದರೆ ಒಬ್ಬರು ಉಳಿಯುತ್ತಾರೆ, ಒಬ್ಬರು ಹೋಗುತ್ತಾರೆ. ಆ ಹೋಗುವವರು ಊರಿನವರೇ ಆಗಿದ್ದರೆ ಯಾರ ಮನೆಯಲ್ಲಿ ಜೀಪಿದೆ, ಯಾವ ಗೇಟಿಗೆ ಬೀಗವಿಲ್ಲ ಎಂಬುದು ಅವರಿಗೆ ಗೊತ್ತು. ನಾವು ಕೊಡುವ ಹಣ ಈ ತಿಳಿವಳಿಕೆಗೆ.

ಇನ್ನೊಂದು ಲಾಭ: ಹಿಂದಿನ ಸಂಜೆ ಆನೆ ಯಾವ ಕಡೆ ಇತ್ತು ಎಂಬ ಸುದ್ದಿ ಊರಿನವರಿಗೆ ಬೆಳಗಿನ ಕಾಫಿಗೆ ಮೊದಲೇ ತಲುಪಿರುತ್ತದೆ. ಪುತ್ತರಿ, ಕೈಲ್‌ಪೊಳ್ದ್ ಹಬ್ಬದ ದಿನಗಳಲ್ಲಿ ಮಾತ್ರ ಗೈಡ್ ಸಿಗುವುದು ಕಷ್ಟ, ಸಿಗಬೇಕೆಂದು ನಿರೀಕ್ಷಿಸುವುದೂ ತಪ್ಪು.

ಗೈಡ್ ಕಡ್ಡಾಯವಲ್ಲದ ದಾರಿಯಲ್ಲಿ ಇಬ್ಬರೇ ಹೋಗುವುದಾದರೆ ಹೋಂಸ್ಟೇಯವರಿಗೋ ಮನೆಯವರಿಗೋ ಎರಡು ಸಂಗತಿ ಬರೆದು ಕೊಡಿ: ಯಾವ ದಾರಿ, ಎಷ್ಟು ಗಂಟೆಗೆ ನಮ್ಮಿಂದ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು. ತುರ್ತಿಗೆ 112. ಚೆಕ್‌ಪೋಸ್ಟಿನ ಪುಸ್ತಕದಲ್ಲಿ ಇಳಿದ ಮೇಲೂ ಸಹಿ ಮಾಡಿ ಹೋಗಿ. ಇಲ್ಲದಿದ್ದರೆ ಆ ರಾತ್ರಿ ಯಾರೋ ಟಾರ್ಚ್ ಹಿಡಿದು ನಿಮ್ಮನ್ನು ಹುಡುಕಬೇಕಾಗುತ್ತದೆ.

ಚೀಲದಲ್ಲಿ ಏನೇನು? ಇಬ್ಬರಿಗೆ ಒಂದೊಂದೇ ಸಾಕಲ್ಲ?

ಕೆಲವಕ್ಕೆ ಸಾಕು, ಕೆಲವಕ್ಕೆ ಸಾಲದು. ಬ್ಯಾಂಡೇಜ್, ಕ್ರೇಪ್ ಪಟ್ಟಿ, ನೋವಿನ ಮಾತ್ರೆ ಇರುವ ಔಷಧಿ ಡಬ್ಬಿ ಒಂದು ಸಾಕು. ಚಾಕು ಒಂದು, ಪವರ್‌ಬ್ಯಾಂಕ್ ಒಂದು, ಸನ್‌ಸ್ಕ್ರೀನ್ ಒಂದು. ಆದರೆ ಟಾರ್ಚ್, ಸೀಟಿ, ಮಳೆಯ ಜಾಕೆಟ್, ನೀರು ಇವು ಒಬ್ಬೊಬ್ಬರಿಗೆ ಒಂದೊಂದು ಇರಲೇಬೇಕು, ಮತ್ತು ಅವರವರ ಬೆನ್ನ ಮೇಲೇ ಇರಬೇಕು. ಯಾಕೆಂದರೆ ಇವು ನಿಜವಾಗಿ ಬೇಕಾಗುವುದು ಇಬ್ಬರೂ ಬೇರೆಯಾದಾಗ. ಒಂದೇ ಟಾರ್ಚ್ ಇಟ್ಟುಕೊಂಡ ಜೋಡಿ ಮಂಜಿನಲ್ಲಿ ತಪ್ಪಿಸಿಕೊಂಡರೆ ಒಬ್ಬನಿಗೆ ಬೆಳಕು, ಒಬ್ಬನಿಗೆ ಕತ್ತಲು.

ಸೀಟಿಗೆ ಒಂದು ಪದ್ಧತಿ ಇದೆ: ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ನಿಲ್ಲಿಸಿ, ಮತ್ತೆ ಆರು. ಬೆಟ್ಟದವರ ಅಪಾಯದ ಕರೆ ಅದು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡುತ್ತಾರೆ.

ಚೀಲ 30 ಲೀಟರಿನದ್ದು ಸಾಕು. ನೀರೂ ಸೇರಿ ಏಳೆಂಟು ಕಿಲೋ ಮೀರದಿರಲಿ. ಮೀರುತ್ತಿದ್ದರೆ ಎಲ್ಲವನ್ನೂ ಹೊರಗೆ ಸುರಿದು ನೋಡಿ; ‘ಇರಲಿ’ ಎಂದು ಹಾಕಿದ್ದು ಅರ್ಧ ಇರುತ್ತದೆ. ಒಳಗೊಂದು ದೊಡ್ಡ ಪ್ಲಾಸ್ಟಿಕ್ ಚೀಲ ಹೊದಿಸಿ ಅದರೊಳಗೆ ಬಟ್ಟೆ ಇಡಿ. ಗೇಟಿನಲ್ಲಿ ಪ್ಲಾಸ್ಟಿಕ್ ಎಣಿಸುವಾಗ ಅದನ್ನೂ ಲೆಕ್ಕಕ್ಕೆ ಬರೆಸಿ, ವಾಪಸ್ ತನ್ನಿ.

ಶೂ ಹೇಗಿರಬೇಕು?

ತುಳಿದು ತುಳಿದು ಹದವಾದದ್ದು. ಹೊಸ ಶೂ ಹಾಕಿಕೊಂಡು ಬರುವುದಾದರೆ ಆ ದಿನ ಬೆಟ್ಟ ಬಿಟ್ಟು ಅರಮನೆ ನೋಡಿ.

ಊಟಕ್ಕೆ ಏನು ಕಟ್ಟಿಕೊಳ್ಳಲಿ?

ಹೋಂಸ್ಟೇಯಲ್ಲಿ ತಂಗಿದ್ದರೆ ರಾತ್ರಿಯೇ ಕೇಳಿಕೊಳ್ಳಿ: ಅಕ್ಕಿ ಒಟ್ಟಿ, ಎಳ್ಳಿನ ಚಟ್ನಿ, ಬೇಯಿಸಿದ ಮೊಟ್ಟೆ. ಅಕ್ಕಿ ಒಟ್ಟಿ ಅನ್ನ ಮತ್ತು ಅಕ್ಕಿ ಹಿಟ್ಟು ಸೇರಿಸಿ ನಾದಿ ಮಾಡುವುದರಿಂದ ತಣ್ಣಗಾದರೂ ಮೆತ್ತಗಿರುತ್ತದೆ. ಚಪಾತಿಯಷ್ಟು ಬೇಗ ಬಿರುಸಾಗುವುದಿಲ್ಲ. ಬಾಳೆ ಎಲೆಯಲ್ಲಿ ಸುತ್ತಿಕೊಟ್ಟರೆ ಇನ್ನೂ ಒಳ್ಳೆಯದು. ಕೊಡಗಿನ ಕಿತ್ತಳೆ ಸಿಗುವ ಕಾಲವಾದರೆ ನಾಲ್ಕು ಹಾಕಿಕೊಳ್ಳಿ, ಸಿಪ್ಪೆ ಚೀಲದಲ್ಲೇ ವಾಪಸ್ ಬರಲಿ. ಪಂದಿ ಕರಿಯನ್ನು ರಾತ್ರಿಯ ಊಟಕ್ಕೆ ಕಾದಿರಿಸಿ. ಕಡುಂಬುಟ್ಟಿನ (ಅಕ್ಕಿತರಿಯ ಉಂಡೆಗಡುಬು) ಜೊತೆ ಅದನ್ನು ಹೊಟ್ಟೆ ತುಂಬ ತಿಂದು ಮಧ್ಯಾಹ್ನದ ಏರು ಹತ್ತುವವರನ್ನು ನೋಡಿದ್ದೇನೆ, ಹತ್ತುವುದಿಲ್ಲ, ಮಲಗುತ್ತಾರೆ.

ದೊಡ್ಡ ಊಟ ಒಂದರ ಬದಲು ಸಣ್ಣ ಸಣ್ಣದಾಗಿ ತಿನ್ನುತ್ತಿರಿ. ಕಡಲೆ ಚಿಕ್ಕಿ, ಖರ್ಜೂರ, ಹುರಿದ ಶೇಂಗಾ ಜೇಬಿನಲ್ಲಿರಲಿ, ಚೀಲದ ತಳದಲ್ಲಿ ಬೇಡ.

ನೀರು ದಾರಿಯಲ್ಲಿ ಸಿಗುತ್ತದೆಯೇ?

ಮಳೆ ಮುಗಿದ ಮೊದಲ ತಿಂಗಳುಗಳಲ್ಲಿ ಮೂರೂ ಬೆಟ್ಟಗಳ ಕೆಳಭಾಗದಲ್ಲಿ ತೊರೆಗಳಿರುತ್ತವೆ. ಹುಲ್ಲುಗಾವಲಿಗೆ ಬಂದ ಮೇಲೆ ನಂಬಬೇಡಿ. ತಲಾ ಮೂರು ಲೀಟರ್ ಎಂದಿಟ್ಟುಕೊಳ್ಳಿ. ತೊರೆಯ ನೀರು ತಣ್ಣಗೆ, ತಿಳಿಯಾಗಿ ಇದ್ದರೂ ಮೇಲೆ ದನ ನಿಂತಿರಬಹುದು. ಕ್ಲೋರಿನ್ ಮಾತ್ರೆ ಹಾಕಿ ಅದರ ಚೀಟಿಯಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ. ಬೆವರು ಹೆಚ್ಚು ಹರಿದ ದಿನ ಬರೀ ನೀರು ಸಾಲದು. ಓಆರ್‌ಎಸ್ ಪುಡಿ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಜಿಗಣೆ?

ಇರುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ಧಾರಾಳ. ಕಚ್ಚಿದ್ದು ಗೊತ್ತಾಗುವುದಿಲ್ಲ, ಬಿಟ್ಟ ಮೇಲೂ ರಕ್ತ ನಿಲ್ಲುವುದಿಲ್ಲ; ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುವುದರಿಂದ. ಹೆದರಿಕೆಗಿಂತ ಅಸಹ್ಯವೇ ಹೆಚ್ಚು. ಉದ್ದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದುಕೊಂಡು, ಅದಕ್ಕೆ ಉಪ್ಪು ಅಥವಾ ಹೊಗೆಸೊಪ್ಪಿನ ನೀರು ಹಚ್ಚುವುದು ತೋಟದ ಕೆಲಸದವರ ದಾರಿ. ಕಚ್ಚಿ ಹಿಡಿದದ್ದನ್ನು ಎಳೆಯುವ ಬದಲು ಚರ್ಮಕ್ಕೆ ಉಗುರು ಒತ್ತಿ ಬಾಯಿಯ ಕಡೆಯಿಂದ ಪಕ್ಕಕ್ಕೆ ತಳ್ಳಿ. ಸುಡಬೇಡಿ. ಆಮೇಲೆ ಸೋಪಿನಲ್ಲಿ ತೊಳೆದು ಹತ್ತಿ ಒತ್ತಿ ಹಿಡಿಯಿರಿ. ಒಂದೆರಡು ದಿನ ತುರಿಸುತ್ತದೆ, ಅಷ್ಟೇ. ಇಬ್ಬರು ಹೋದರೆ ಗಂಟೆಗೊಮ್ಮೆ ಒಬ್ಬರ ಹಿಂಬದಿ ಕಾಲನ್ನು ಇನ್ನೊಬ್ಬರು ನೋಡಬಹುದು. ನೆರಳಿನ ದಾರಿಯಲ್ಲಿ ಕೂತು ವಿಶ್ರಮಿಸಬೇಡಿ, ಬಿಸಿಲು ಬಿದ್ದ ಬಂಡೆ ಹುಡುಕಿ.

ಬೇಸಿಗೆಯ ಹುಲ್ಲಿನಲ್ಲಿ ಜಿಗಣೆ ಇರುವುದಿಲ್ಲ, ರಕ್ತ ಹೀರುವ ಉಣ್ಣಿ ಇರುತ್ತದೆ. ಸಂಜೆ ಸ್ನಾನ ಮಾಡುವಾಗ ಕಂಕುಳು, ತೊಡೆಸಂದಿ ನೋಡಿಕೊಳ್ಳಿ.

ಆನೆ ಎದುರಾದರೆ?

ಎದುರಾಗದಂತೆ ನೋಡಿಕೊಳ್ಳುವುದೇ ಉತ್ತರದ ಮುಕ್ಕಾಲು ಪಾಲು. ಕೊಡಗಿನಲ್ಲಿ ಆನೆ ಕಾಡಿನಲ್ಲಷ್ಟೇ ಇಲ್ಲ, ಕಾಫಿ ತೋಟದಲ್ಲೂ ಇದೆ. ಹಲಸು ಹಣ್ಣಾದಾಗ, ಗದ್ದೆ ಬಲಿತಾಗ, ಕೆರೆಯಲ್ಲಿ ನೀರಿದ್ದಾಗ ತೋಟವೇ ಅದಕ್ಕೆ ಮನೆ. ಕಾಫಿ ಗಿಡ ಆಳೆತ್ತರ. ಅದರ ಹಿಂದೆ ನಿಂತ ಆನೆ ಇಪ್ಪತ್ತು ಅಡಿ ದೂರದಿಂದ ಕಾಣದೆ ಹೋಗಬಹುದು. ಕೂಲಿಗೆಂದು ಬೆಳಗ್ಗೆ ಹೋದವರು ಆನೆ ತುಳಿತಕ್ಕೆ ಸತ್ತ ಸುದ್ದಿ ಇಲ್ಲಿಯ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ದಾರಿ ತಿಳಿದವರೇ ಹಾಗೆ ಸಿಕ್ಕಿಬೀಳುವಾಗ ನಮ್ಮ ಸಾಹಸದ ಮಾತು ಬೇಡ.

ಪೂರ್ತಿ ಬೆಳಕಾಗುವ ಮೊದಲು ತೋಟದ ದಾರಿಯಲ್ಲಿ ನಡೆಯಬೇಡಿ. ಬೇಗ ಹೊರಡಬೇಕು ಎಂಬ ಆಸೆಗೂ ಇದಕ್ಕೂ ಜಗಳವಿದೆ, ನಿಜ. ಅಂಥಲ್ಲಿ ಆ ತುಂಡನ್ನು ಜೀಪಿನಲ್ಲಿ ದಾಟಿ. ಲೈನ್‌ಮನೆಯ (ತೋಟದ ಕೆಲಸಗಾರರ ಸಾಲುಮನೆ) ಹತ್ತಿರ ಸಿಗುವವರನ್ನು ‘ಅಕ್ಕ, ಈ ಕಡೆ ಆನೆ ಉಂಟಾ?’ ಎಂದು ಕೇಳದೆ ಮುಂದೆ ಹೋಗಬೇಡಿ. ಲದ್ದಿ ಒದ್ದೆಯಿದ್ದು ಹೊಗೆಯಾಡುತ್ತಿದ್ದರೆ, ಮುರಿದ ಬೈನೆ ಮರದಿಂದ ಇನ್ನೂ ರಸ ಒಸರುತ್ತಿದ್ದರೆ, ಬಂದ ದಾರಿಯಲ್ಲೇ ಹಿಂತಿರುಗಿ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ. ಕೊಂಬೆ ಮುರಿಯುವ ಸದ್ದೇ ಮೊದಲ ಎಚ್ಚರಿಕೆ.

ಕಂಡೇಬಿಟ್ಟರೆ ನಿಲ್ಲಿ, ಕೂಗಬೇಡಿ, ಮೊಬೈಲ್ ಎತ್ತಬೇಡಿ. ಅದು ಇನ್ನೂ ನೋಡಿಲ್ಲದಿದ್ದರೆ ಸದ್ದಿಲ್ಲದೆ ಹಿಂದೆ ಸರಿಯಿರಿ. ಗಾಳಿ ನಿಮ್ಮಿಂದ ಅದರ ಕಡೆ ಬೀಸುತ್ತಿದ್ದರೆ ವಾಸನೆ ಆಗಲೇ ಮುಟ್ಟಿರುತ್ತದೆ ಎಂದು ತಿಳಿಯಿರಿ. ಮರಿಯಿದ್ದರೆ ದೂರವನ್ನು ಇಮ್ಮಡಿ ಮಾಡಿ. ಒಬ್ಬ ಈ ಕಡೆ, ಒಬ್ಬ ಆ ಕಡೆ ಓಡುವಂತಾಗಬಾರದು. ಯಾವ ಕಡೆ ಸರಿಯುವುದು ಎಂಬುದನ್ನು ಮುಂದಿರುವವನು ಕೈಸನ್ನೆಯಲ್ಲಿ ಹೇಳಲಿ.

ದೂರದಲ್ಲಿ ಗುಂಡಿನ ಸದ್ದು ಕೇಳಿಸಿತು. ಹೆದರಬೇಕೇ?

ಹೆಚ್ಚಾಗಿ ಅದು ಗದ್ದೆ, ತೋಟದಿಂದ ಆನೆಯನ್ನೋ ಕಾಡುಹಂದಿಯನ್ನೋ ಓಡಿಸಲು ಹೊಡೆದ ಪಟಾಕಿ. ಗುಂಡಿಗಿಂತ ಓಡಿಸಿದ ಪ್ರಾಣಿ ಯಾವ ಕಡೆ ಬರುತ್ತಿದೆ ಎಂಬುದರ ಚಿಂತೆ ಮಾಡಿ. ಸದ್ದು ನಿಲ್ಲುವವರೆಗೆ ರಸ್ತೆಯಲ್ಲೇ ಇರಿ.

ಯಾವ ತಿಂಗಳು ಒಳ್ಳೆಯದು?

ಅಕ್ಟೋಬರ್ ಕೊನೆಯಿಂದ ಜನವರಿ. ಹುಲ್ಲು ಹಸಿರಾಗಿರುತ್ತದೆ, ತೊರೆಗಳಲ್ಲಿ ನೀರಿರುತ್ತದೆ, ಬೆಳಗ್ಗೆ ಕಣಿವೆಯಲ್ಲಿ ಮಂಜು ತುಂಬಿರುತ್ತದೆ. ಡಿಸೆಂಬರಿನಿಂದ ಕಾಫಿ ಕೊಯ್ಲು; ಅಂಗಳದ ಕಣಗಳಲ್ಲೆಲ್ಲ ಹಣ್ಣು ಹರವಿರುತ್ತಾರೆ, ತುಳಿಯಬೇಡಿ. ಫೆಬ್ರವರಿಯಿಂದ ಕಾಡ್ಗಿಚ್ಚಿನ ಭಯಕ್ಕೆ ದಾರಿಗಳನ್ನು ಮುಚ್ಚುವುದುಂಟು. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಮಳೆ ಬಿದ್ದು ಕಾಫಿ ಹೂ ಬಿಟ್ಟರೆ ತೋಟಗಳೆಲ್ಲ ಬೆಳ್ಳಗೆ. ನೋಡಲು ಚೆಂದ, ನಡೆಯಲು ಸೆಕೆ.

ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟುಬಿಡಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆ ಗುಡ್ಡಗಳು ಮನೆಗಳ ಸಮೇತ ಜಾರಿದ್ದನ್ನು ಇಲ್ಲಿಯವರು ಮರೆತಿಲ್ಲ. ಮಳೆಗಾಲದ ಬೆಟ್ಟ ಸುಂದರ ಎನ್ನುವ ರೀಲ್ಸ್ ನೋಡಿ ಹೊರಡುವವರನ್ನು ಗೇಟಿನಲ್ಲೇ ವಾಪಸ್ ಕಳಿಸಿದರೆ ಗಾರ್ಡಿನ ಮೇಲೆ ಸಿಟ್ಟಾಗಬೇಡಿ.

ತುದಿಯಲ್ಲಿರುವಾಗ ಗುಡುಗು ಬಂದರೆ, ಮಂಜು ಕವಿದರೆ?

ಎರಡಕ್ಕೂ ಉತ್ತರ ಬೇರೆ. ಗುಡುಗಿಗೆ ಇಳಿಯಬೇಕು, ಮಂಜಿಗೆ ನಿಲ್ಲಬೇಕು.

ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಮಧ್ಯಾಹ್ನಗಳು ಸಿಡಿಲಿನ ಕಾಲ. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ, ಬೋಳು ಹುಲ್ಲುಗಾವಲಿನಲ್ಲಿ ನೀವೇ ಎತ್ತರದ ವಸ್ತು. ತುದಿ ಬಿಟ್ಟು, ಬೆನ್ನೇಣು ಬಿಟ್ಟು ಇಳಿಯಿರಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಇಬ್ಬರೂ ಅಂಟಿಕೊಂಡು ಕೂರದೆ ಅಂತರ ಬಿಟ್ಟಿರಿ.

ಮಂಜು ಕವಿದಾಗ ಹುಲ್ಲುಗಾವಲಿನಲ್ಲಿ ಹತ್ತು ಹೆಜ್ಜೆ ಆಚೆಗೆ ಏನೂ ಕಾಣದು. ದಾರಿ ಕಾಲಡಿಯಲ್ಲಿ ಸ್ಪಷ್ಟವಿದ್ದರೆ ನಿಧಾನ ಇಳಿಯಿರಿ. ಇಲ್ಲದಿದ್ದರೆ ಇರುವಲ್ಲೇ ಜಾಕೆಟ್ ಹಾಕಿಕೊಂಡು ಕೂತುಬಿಡಿ. ಒಬ್ಬ ‘ನೋಡ್ಕೊಂಡು ಬರ್ತೀನಿ’ ಎಂದು ಎದ್ದು ಹೋಗುವುದು ಬೇಡ. ಚಳಿ ಹಿಡಿಯುವುದು ಮಾತ್ರ ಬೇಗ. ಬೆವರಿಗೆ ಒದ್ದೆಯಾದ ಅಂಗಿ ಬದಲಿಸಿಕೊಳ್ಳಿ. ಆಫ್‌ಲೈನ್ ಮ್ಯಾಪ್ ಮೊದಲೇ ಇಳಿಸಿಕೊಂಡಿದ್ದರೆ ಈಗ ಕೆಲಸಕ್ಕೆ ಬರುತ್ತದೆ. ದಿನವಿಡೀ ಒಂದು ಫೋನನ್ನು ಏರೋಪ್ಲೇನ್ ಮೋಡಿನಲ್ಲಿ ಇಟ್ಟಿದ್ದರೆ ಬ್ಯಾಟರಿಯೂ ಇರುತ್ತದೆ.

ತೋಟದೊಳಗೆ ಹಾದು ಹೋಗಬಹುದೇ? ದೇವರಕಾಡಿಗೆ?

ತೋಟ ಖಾಸಗಿ ಆಸ್ತಿ. ಊರಿನವರು ಬಳಸುವ ಕಾಲುದಾರಿ ಇದ್ದರೂ ಕೇಳಿಯೇ ಹೋಗಿ. ಮೆಣಸು, ಕಿತ್ತಳೆ, ಏಲಕ್ಕಿ ಕೀಳಬೇಡಿ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ತೋಟದ ನಡುವೆ ಇದ್ದಕ್ಕಿದ್ದಂತೆ ಮುಗಿಲೆತ್ತರದ ಮರಗಳ ಗುಂಪು, ಅದರ ಅಂಚಿನಲ್ಲಿ ಮಣ್ಣಿನ ನಾಯಿಗಳ ಸಾಲು ಕಂಡರೆ ಅದು ಅಯ್ಯಪ್ಪನ ಕಾಡು. ಹರಕೆಗೆ ಒಪ್ಪಿಸಿದ ನಾಯಿಗಳವು. ಅಲ್ಲಿ ಊಟಕ್ಕೆ ಕೂರಬೇಡಿ, ಕಟ್ಟಿಗೆ ಮುಟ್ಟಬೇಡಿ, ಒಳಗೆ ಹೋಗಲೇಬೇಕೆಂದಿದ್ದರೆ ಊರಿನವರನ್ನು ಕೇಳಿ.

ನಾಲ್ಕುನಾಡು ಅರಮನೆ ನೋಡಲು ಎಷ್ಟು ಹೊತ್ತು?

ಅರ್ಧ ಗಂಟೆ. 1790ರ ದಶಕದಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ್ದು. ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡಾಗ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ ಆಶ್ರಯ ಪಡೆದದ್ದು ಇಲ್ಲಿ. ಬೆಟ್ಟ ಬೆನ್ನಿಗಿರುವ ಈ ಜಾಗವನ್ನೇ ಯಾಕೆ ಆರಿಸಿದರು ಎಂಬುದು ತಡಿಯಂಡಮೋಳ್ ಹತ್ತಿ ಕೆಳಗೆ ನೋಡಿದಾಗ ಅರ್ಥವಾಗುತ್ತದೆ. ಬೆಳಗ್ಗೆ ನೋಡಲು ನಿಲ್ಲಬೇಡಿ. ಇಳಿದ ಮೇಲೆ ನೋಡಿ.

ಇಳಿಯುವಾಗ ಮಂಡಿ ಸೋಲುತ್ತದೆ. ಪುಷ್ಪಗಿರಿಯಿಂದ ಕುಕ್ಕೆಗೆ ಇಳಿಯಬಹುದೇ?

ಮಂಡಿ ಮೊದಲೇ ದೂರುತ್ತಿದ್ದರೆ ಬೇಡ. ಸೋಮವಾರಪೇಟೆ ಕಡೆಯ ಊರುಗಳೇ ಎತ್ತರದಲ್ಲಿರುವುದರಿಂದ ಹತ್ತುವುದು ಕಡಿಮೆ. ಕುಕ್ಕೆ ಇರುವುದು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರಿನಲ್ಲಿ. ಹದಿಮೂರು ಕಿಲೋಮೀಟರಿನಲ್ಲಿ ಸುಮಾರು 1,600 ಮೀಟರ್ ಇಳಿತ. ಗಿರಿಗದ್ದೆಯವರೆಗೆ ಬಹುಪಾಲು ನೆರಳಿಲ್ಲದ ಹುಲ್ಲು, ಆಮೇಲೆ ಬೇರು ಕಲ್ಲುಗಳ ಕಾಡು. ಕಾಲು ನಡುಗುವುದು ಆ ಕಾಡಿನಲ್ಲೇ, ಬಿದ್ದು ಪೆಟ್ಟು ಮಾಡಿಕೊಳ್ಳುವುದೂ ಅಲ್ಲೇ, ಯಾಕೆಂದರೆ ಆಗ ದೇವಸ್ಥಾನದ ಊರು ಹತ್ತಿರ ಬಂತು ಎಂದು ಮನಸ್ಸು ಮುಂದೆ ಓಡಿರುತ್ತದೆ. ಎರಡು ಕೋಲು ಇಟ್ಟುಕೊಳ್ಳಿ, ಸಣ್ಣ ಹೆಜ್ಜೆ ಹಾಕಿ, ಶೂ ಲೇಸನ್ನು ಇಳಿಯುವ ಮೊದಲು ಪಾದದ ಮೇಲ್ಭಾಗದಲ್ಲಿ ಬಿಗಿ ಮಾಡಿ. ಇಲ್ಲದಿದ್ದರೆ ಬೆರಳುಗುರು ಕಪ್ಪಾಗುತ್ತದೆ.

ಕಾರು ತಂದಿದ್ದರೆ ಅದು ಬೆಟ್ಟದ ಆ ಬದಿಯಲ್ಲಿ ಉಳಿದುಹೋಗುತ್ತದೆ ಎಂಬುದನ್ನೂ ಯೋಚಿಸಿ. ದಾಟುವ ನಡಿಗೆಗೆ ಬಸ್ಸಿನಲ್ಲೇ ಬನ್ನಿ.

ಬಸ್ಸಿನಲ್ಲಿ ಬರುವುದು ಹೇಗೆ?

ಕೊಡಗಿಗೆ ರೈಲಿಲ್ಲ, ಮೈಸೂರಿನವರೆಗೆ ರೈಲು, ಅಲ್ಲಿಂದ ಮಡಿಕೇರಿಗೆ 120 ಕಿಲೋಮೀಟರ್. ಮಡಿಕೇರಿ ಅಥವಾ ವಿರಾಜಪೇಟೆಯಿಂದ ನಾಪೋಕ್ಲು, ಕಕ್ಕಬ್ಬೆ ಕಡೆ ಖಾಸಗಿ ಬಸ್ಸುಗಳಿವೆ, ಆದರೆ ಸಂಜೆಯ ಕೊನೆಯ ಬಸ್ಸು ನೀವು ಅಂದುಕೊಂಡದ್ದಕ್ಕಿಂತ ಬೇಗ. ಇಳಿಯುವಾಗಲೇ ಕಂಡಕ್ಟರ್ ಹತ್ತಿರ ವಾಪಸ್ ಬಸ್ಸಿನ ಸಮಯ ಕೇಳಿ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಬಂದು, ನಿದ್ದೆಗೆಟ್ಟು, ನೇರ ಬೆಟ್ಟಕ್ಕೆ ಹತ್ತುವುದು ಬಹಳ ಜನ ಮಾಡುವ ಕೆಲಸ. ಸಾಧ್ಯವಾದರೆ ಹಿಂದಿನ ದಿನವೇ ಬಂದು ಊರಿನಲ್ಲಿ ಮಲಗಿ.

ಊರಿನ ನಾಯಿಯೊಂದು ನಮ್ಮ ಹಿಂದೆಯೇ ಬರುತ್ತಿದೆ. ಕರೆದುಕೊಂಡು ಹೋಗಲೇ?

ಬೇಡ. ಬಿಸ್ಕತ್ತು ಹಾಕಿದವರು ನೀವೇ ಇರಬೇಕು. ಕಾಡಿನಲ್ಲಿ ನಾಯಿ ಆನೆಯನ್ನು ಕಂಡರೆ ಬೊಗಳುತ್ತದೆ, ಆನೆ ಅಟ್ಟಿಸಿಕೊಂಡು ಬಂದರೆ ಓಡುತ್ತದೆ, ಓಡುವುದು ನಿಮ್ಮ ಕಡೆಗೇ. ಚೆಕ್‌ಪೋಸ್ಟಿಗೆ ಮುಟ್ಟುವ ಮೊದಲು ಗದರಿಸಿ ಹಿಂದಕ್ಕೆ ಕಳಿಸಿ. ಹೋಗದಿದ್ದರೆ ಗಾರ್ಡಿಗೆ ಹೇಳಿ, ಅವರು ಹಿಡಿದುಕೊಳ್ಳುತ್ತಾರೆ. ಸಂಜೆ ನೀವು ಇಳಿಯುವಾಗ ಅದು ಗೇಟಿನ ಹತ್ತಿರ ಬೇರೆ ಯಾರದ್ದೋ ಬಿಸ್ಕತ್ತು ತಿನ್ನುತ್ತಿರುತ್ತದೆ.